ಬೆಳಕಿನ ನಡಿಗೆ

ಪ್ರಶ್ನೆ: ಖಭೌತ ವಿಜ್ಞಾನವನ್ನೂ (ಆಕಾಶಕಾಯಗಳ ಭೌತಶಾಸ್ತ್ರ) ತತ್ತ್ವಶಾಸ್ತ್ರವನ್ನೂ ಸೇರಿಸಿ ಮಾತಾಡಿದರೆ ಕೇಳುಗರು ಬೇಗ ಮಂಕಾಗುತ್ತಾರೆ. ಏನು ಮಾಡಲಿ?

ಉತ್ತರ: ಅಂಕಿಗಳನ್ನು ಹೇಳುವ ಬದಲು ನಡೆಸಿ ತೋರಿಸಿ. 14 ಸೆಂ.ಮೀ. ಚೆಂಡು ಸೂರ್ಯನಾದರೆ ಭೂಮಿ 15 ಮೀಟರ್ ಆಚೆಯ ಸಾಸಿವೆಕಾಳು, ಬರೀ 1.3 ಮಿ.ಮೀ. ಈ ಅಳತೆಯಲ್ಲಿ ಬೆಳಕು ಸೆಕೆಂಡಿಗೆ 3 ಸೆಂ.ಮೀ. ಸಾಗುತ್ತದೆ. ನೆಲದ ಮೇಲೆ 1.8 ಮೀಟರಿಗೊಂದು ಗೆರೆ ಎಳೆದು, ಒಬ್ಬರನ್ನು ಬೆಳಕಾಗಿಸಿ, ಚೆಂಡಿನಿಂದ ಕಾಳಿನತ್ತ ನಿಮಿಷಕ್ಕೊಂದು ಗೆರೆಯಂತೆ ನಡೆಸಿ. ಕಾಳು ಮುಟ್ಟಲು 8 ನಿಮಿಷ 20 ಸೆಕೆಂಡು ಬೇಕು. ಆ ಕಾಯುವಿಕೆಯೇ ಪಾಠ. ದಯವಿಟ್ಟು ಅದನ್ನು ಮಾತಿನಿಂದ ತುಂಬಬೇಡಿ. ಮುಟ್ಟಿದ ಮೇಲೆ ಕೇಳಿ: ‘ಈ ಕ್ಷಣ ಸೂರ್ಯ ಇದ್ದಾನೆಂದು ನಮಗೆ ಹೇಗೆ ಗೊತ್ತು?’ ತತ್ತ್ವಶಾಸ್ತ್ರ ಅಲ್ಲಿಂದ ತಾನೇ ಶುರುವಾಗುತ್ತದೆ.

ಹೆಚ್ಚಿನವರು ಎಡವುವುದು ಗಾತ್ರಕ್ಕೊಂದು, ದೂರಕ್ಕೊಂದು ಅಳತೆ ಬಳಸಿ. ಆಗ ಆಕಾಶದ ಖಾಲಿತನವೇ ಮಾಯ. ಇದೇ ಲೆಕ್ಕದಲ್ಲಿ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸುಮಾರು 4,000 ಕಿ.ಮೀ. ದೂರ!