ತಿಂಗಳ ಬಿಲ್ಲು ತಾನಾಗಿ ಪಾವತಿಯಾಗುವುದೇ?

ಪ್ರಶ್ನೆ: ಮೈಸೂರಿನಲ್ಲಿ ಸುಮಾರು 90 ಮನೆಗಳ ನೀರು ಶುದ್ಧೀಕರಣ ಯಂತ್ರಗಳ ನಿರ್ವಹಣೆ ಮಾಡುತ್ತೇನೆ. ತಿಂಗಳಿಗೆ 350 ರೂಪಾಯಿಗಾಗಿ ಪ್ರತಿ ಮನೆಯ ಬಾಗಿಲು ತಟ್ಟುವುದು ಸಾಕಾಗಿದೆ. ಹಣ ತಾನಾಗಿ ಬರುವ ದಾರಿಯಿದೆಯೇ?

ಉತ್ತರ: ಇದೆ. ರಾಷ್ಟ್ರೀಯ ಪಾವತಿ ನಿಗಮವು 2020ರಲ್ಲಿ ಆರಂಭಿಸಿದ ಯುಪಿಐ ಆಟೋಪೇ ನಿಮ್ಮಂತಹವರಿಗೆ ಹೊಂದುತ್ತದೆ. ಆದರೆ ನಿಮ್ಮ ಸ್ವಂತದ ಯುಪಿಐ ವಿಳಾಸಕ್ಕೆ ಇದು ಸಿಗದು. ಬ್ಯಾಂಕ್ ಅಥವಾ ಪಾವತಿ ಸೇವಾ ಸಂಸ್ಥೆಯೊಂದರಲ್ಲಿ ವ್ಯಾಪಾರಿಯಾಗಿ ನೋಂದಾಯಿಸಿಕೊಳ್ಳಬೇಕು. ಗ್ರಾಹಕರು ಮೊದಲ ಬಾರಿ ತಮ್ಮ ಮೊಬೈಲಿನಲ್ಲಿ ಪಿನ್ ಒತ್ತಿ ಒಪ್ಪಿಗೆ ನೀಡಿದರೆ, ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಕಂತುಗಳಿಗೆ ಮತ್ತೆ ಪಿನ್ ಬೇಡ. ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಅವರಿಗೆ ಸೂಚನೆ ಹೋಗಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕೂ ಅವರಿಗಿದೆ.

ನಿಮ್ಮ ಕಸುಬಿನಲ್ಲಿ ತೊಡಕು ಬರುವುದು ಫಿಲ್ಟರ್ ಬದಲಿಸಿದ ತಿಂಗಳಲ್ಲಿ. ಅಂದು ಬಿಲ್ಲು 350 ಆಗದೆ 1,200 ಆಗಬಹುದು. ಆದ್ದರಿಂದ ನಿಗದಿತ ಮೊತ್ತಕ್ಕೆ ಬದಲು ಗರಿಷ್ಠ ಮಿತಿಗೆ ಒಪ್ಪಿಗೆ ಪಡೆಯುವ ಆಯ್ಕೆಯಿದೆ. ಆದರೂ ನನ್ನ ಅಭಿಪ್ರಾಯದಲ್ಲಿ ಬಿಡಿಭಾಗದ ಹಣವನ್ನು ಬೇರೆ ಬಿಲ್ಲಿನಲ್ಲೇ ಕೇಳುವುದು ಲೇಸು, ಏಕೆಂದರೆ ಕೇಳದೆ ಹೆಚ್ಚು ಕಡಿತವಾದ ಒಂದೇ ತಿಂಗಳು ಹತ್ತು ವರ್ಷದ ನಂಬಿಕೆಯನ್ನು ಅಲುಗಾಡಿಸುತ್ತದೆ. ಖಾತೆಯಲ್ಲಿ ಹಣವಿಲ್ಲದೆ ಕಂತು ವಿಫಲವಾದರೆ ತಕ್ಷಣ ಸೇವೆ ನಿಲ್ಲಿಸದೆ, ಒಂದು ಫೋನ್ ಮಾಡಿ. ಮೊಬೈಲ್ ಬಳಸಲು ಹಿಂಜರಿಯುವ ಹಿರಿಯರ ಮನೆಗಳಿಗೆ ರಸೀದಿ ಪುಸ್ತಕ ಹಿಡಿದು ಹೋಗುವುದನ್ನು ಮುಂದುವರಿಸಿ. ಹೇಗೂ ಯಂತ್ರ ನೋಡಲು ಅಲ್ಲಿಗೆ ಹೋಗಲೇಬೇಕಲ್ಲ.