ಭಾನುವಾರ ಸಂಜೆಯ ಆ ಒಂದು ಗಂಟೆ

ಅಜ್ಜಿ ಹೋದಮೇಲೆ ಭಾನುವಾರದ ಸಂಜೆ ಕಳೆಯೋದೇ ಕಷ್ಟ, ಹೊರಗೆ ಹೋಗೋಣ ಅಂದ್ರೆ ಕೈಯಲ್ಲಿ ಕಾಸಿಲ್ಲ ಅಂದಿದ್ದೀರಿ. ಬಹುಶಃ ಅದು ನೀವು ಅವರ ಜೊತೆ ಮಾತಾಡ್ತಿದ್ದ ಹೊತ್ತು. ಅದನ್ನ ಖಾಲಿ ಬಿಟ್ಟರೆ ದುಃಖ ಬಂದು ಅಲ್ಲೇ ಕೂರುತ್ತೆ.

ಮೊದಲು ಫೋನಲ್ಲಿರೋ ಅವರ ಧ್ವನಿ ಸಂದೇಶಗಳನ್ನ ಬೇರೆ ಎರಡು ಕಡೆ ಉಳಿಸಿಕೊಳ್ಳಿ. ಫೋನ್ ಕೆಟ್ಟರೆ ಆ ದನಿ ಮತ್ತೆ ಸಿಗಲ್ಲ. ಭಾನುವಾರ ಒಂದೇ ಒಂದು ಸಂದೇಶ ಕೇಳಿ, 15 ನಿಮಿಷ ನೆನಪಾದದ್ದನ್ನ ಬರೆಯಿರಿ. ಕನ್ನಡಕಕ್ಕೆ ಕಟ್ಟಿದ್ದ ದಾರದಂಥ ಸಣ್ಣ ಸಂಗತಿಯೇ ಸಾಕು. ಎಲ್ಲವನ್ನೂ ಒಂದೇ ಸಲ ಕೇಳಿದರೆ ಎದ್ದೇಳೋಕೇ ಆಗಲ್ಲ.

ಬರೆದಾದ ಕೂಡಲೇ ಪರ್ಸ್ ಮನೆಯಲ್ಲಿಟ್ಟು, ನಡೆದು ನೋಡದ ಬೀದಿಯಲ್ಲಿ ಅರ್ಧ ಗಂಟೆ ಸುತ್ತಿ. ಗೆಳೆಯರೊಬ್ಬರನ್ನ ಶನಿವಾರವೇ ಕರೆದಿಟ್ಟುಕೊಳ್ಳಿ, ಆ ಹೊತ್ತಿಗೆ ಕರೆಯೋ ಮನಸ್ಸೇ ಬರಲ್ಲ. ಮಳೆ ಬಂದರೆ ಒಂದು ಕಟ್ಟು ಇಸ್ಪೀಟೆಲೆ ಸಾಕು.

ವಾರಗಟ್ಟಲೆ ನಿದ್ದೆಯೋ ಊಟವೋ ತಪ್ಪಿದರೆ ತಡಮಾಡದೆ ವೈದ್ಯರನ್ನ ನೋಡಿ.