ಲೋಳೆಸರದ ಜೆಲ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಮನೆಯಲ್ಲೇ ಲೋಳೆಸರದಿಂದ ಚರ್ಮದ ಆರೈಕೆ ಮಾಡಿಕೊಳ್ಳುವವರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಹಿತ್ತಲಿನ ಲೋಳೆಸರದ ಎಲೆಯನ್ನು ಸೀಳಿ ನೇರ ಮುಖಕ್ಕೆ ಉಜ್ಜಿಕೊಂಡರೆ ಹತ್ತೇ ನಿಮಿಷದಲ್ಲಿ ತುರಿಕೆ, ಕೆನ್ನೆ ಕೆಂಪು. ಅಂಗಡಿಯ ಜೆಲ್ ಹಚ್ಚಿದರೆ ಏನೂ ಆಗುವುದಿಲ್ಲ. ತಾಜಾ ಎಲೆಯೇ ಒಳ್ಳೆಯದಲ್ಲವೇ?
— ಓದುಗರೊಬ್ಬರು, ಶಿವಮೊಗ್ಗ

ನಿಮಗೆ ತೊಂದರೆ ಕೊಡುತ್ತಿರುವುದು ಬಹುಶಃ ಒಳಗಿನ ತಿರುಳಲ್ಲ, ಸಿಪ್ಪೆಯ ಕೆಳಗಿರುವ ಹಳದಿ ರಸ. ಎಲೆಯನ್ನು ಅಡ್ಡಲಾಗಿ ಕತ್ತರಿಸಿ ಬೆಳಕಿಗೆ ಹಿಡಿಯಿರಿ. ಹಸಿರು ಸಿಪ್ಪೆಯ ಒಳಸುತ್ತಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಹಳದಿ ಹನಿಗಳು ಒಂದೊಂದಾಗಿ ಒಸರುವುದು ಕಾಣುತ್ತದೆ. ನಡುವಿನ ಗಾಜಿನಂಥ ಭಾಗದಲ್ಲಿ ಈ ಹನಿಗಳಿರುವುದಿಲ್ಲ. ಹಳದಿ ರಸದಲ್ಲಿರುವ ಅಲೋಯಿನ್ ಎಂಬ ಕಹಿ ಪದಾರ್ಥ ಸೂಕ್ಷ್ಮ ಚರ್ಮವನ್ನು ಕೆರಳಿಸುತ್ತದೆ. ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಮುಸಬ್ಬರ ಇದೇ ರಸವನ್ನು ಒಣಗಿಸಿದ್ದು. ಅದು ಎಷ್ಟು ತೀಕ್ಷ್ಣವಾದ ವಿರೇಚಕವೆಂದು ಹಿರಿಯರಿಗೆ ಗೊತ್ತು. ಎಲೆ ಸೀಳಿ ಉಜ್ಜಿದಾಗ ತಿರುಳಿನ ಜೊತೆ ಇದೂ ಮುಖಕ್ಕೆ ಹತ್ತುತ್ತದೆ. ಕಾರ್ಖಾನೆಯಲ್ಲಿ ಸಿಪ್ಪೆ ಬೇರ್ಪಡಿಸಿ, ಇಲ್ಲವೇ ಇದ್ದಿಲಿನ ಶೋಧಕದಲ್ಲಿ ಹಾಯಿಸಿ ಇದನ್ನು ತೆಗೆದಿರುತ್ತಾರೆ. ಆ ಕೆಲಸವನ್ನು ಮನೆಯಲ್ಲಿ ನೀವೇ ಮಾಡಬೇಕು.

ಎರಡು–ಮೂರು ವರ್ಷ ಬಲಿತ ಗಿಡದ ಹೊರಸುತ್ತಿನ ದಪ್ಪ ಎಲೆಯನ್ನು ಬುಡಕ್ಕೆ ಹೊಂದಿಕೊಂಡಂತೆ ಕತ್ತರಿಸಿ. ಕತ್ತರಿಸಿದ ತುದಿ ಕೆಳಗಾಗುವಂತೆ ಲೋಟದಲ್ಲಿ ಓರೆಯಾಗಿ ನಿಲ್ಲಿಸಿ, 20–30 ನಿಮಿಷ ಬಿಡಿ. ತಳದಲ್ಲಿ ಹಳದಿ ರಸ ಇಳಿದಿರುತ್ತದೆ. ಎಲೆ ತೊಳೆದು, ಬುಡದ ಕಡೆ 2–3 ಸೆಂ.ಮೀ., ತುದಿಯ ಕಡೆ 5 ಸೆಂ.ಮೀ. ತೆಗೆದುಹಾಕಿ, ತೆಳ್ಳನೆಯ ತುದಿಯಲ್ಲಿ ತಿರುಳಿಗಿಂತ ಸಿಪ್ಪೆಯೇ ಹೆಚ್ಚು. ಎರಡೂ ಬದಿಯ ಮುಳ್ಳಂಚನ್ನು ಅರ್ಧ ಸೆಂ.ಮೀ. ಒಳಗೆ ಹಿಡಿದು ಕತ್ತರಿಸಿ. ಎಲೆಯನ್ನು ಚಪ್ಪಟೆ ಮಲಗಿಸಿ, ಮೀನಿನ ಚರ್ಮ ಬಿಡಿಸುವ ಹಾಗೆ ಚಾಕುವನ್ನು ಸಿಪ್ಪೆಗೆ ತಾಗಿಸಿಯೇ ಜಾರಿಸಿ ಮೇಲಿನ ಸಿಪ್ಪೆ ತೆಗೆಯಿರಿ, ಆಮೇಲೆ ಕೆಳಗಿನದು. ಎಲೆಯನ್ನು ಇಬ್ಭಾಗ ಮಾಡಿ ಚಮಚದಿಂದ ಕೆರೆಯುವ ಅಭ್ಯಾಸ ಬಿಟ್ಟುಬಿಡಿ. ಚಮಚ ಸಿಪ್ಪೆಯ ತನಕ ಹೋದಷ್ಟೂ ಹಳದಿ ರಸ ತಿರುಳಿಗೆ ಸೇರುತ್ತದೆ.

ಸಿಕ್ಕ ತಿರುಳಿನ ತುಂಡುಗಳಲ್ಲಿ ಹಸಿರು ಚೂರು ಉಳಿದಿದ್ದರೆ ಕತ್ತರಿಸಿ ಎಸೆಯಿರಿ. ನಲ್ಲಿ ನೀರಿನಲ್ಲಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ, ಆ ನೀರು ಚೆಲ್ಲಿ. ಒಂದು ಚೂರನ್ನು ನಾಲಿಗೆಯ ತುದಿಗೆ ತಾಗಿಸಿ ಉಗುಳಿ: ಕಹಿ ಇದ್ದರೆ ಮತ್ತೊಮ್ಮೆ ತೊಳೆಯಬೇಕು. ಶುದ್ಧ ತಿರುಳು ಬಹುತೇಕ ಸಪ್ಪೆ. ಮಿಕ್ಸಿಯಲ್ಲಿ ಎರಡು–ಮೂರು ಸೆಕೆಂಡಿನಂತೆ ನಾಲ್ಕೈದು ಸಲ ತಿರುಗಿಸಿ, ನೊರೆ ಇಳಿಯಲು ಬಿಟ್ಟು, ಟೀ ಜಾಲರಿಯಲ್ಲಿ ಸೋಸಿ.

ಇಷ್ಟಾದ ಮೇಲೂ ನೇರ ಮುಖಕ್ಕೆ ಬೇಡ. ಮೊಣಕೈ ಒಳಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ಅಲರ್ಜಿ ಹಲವು ಬಾರಿ ಮೊದಲ ದಿನ ಕಾಣುವುದಿಲ್ಲ. ಚೆನ್ನಾಗಿ ತೊಳೆದ ತಿರುಳಿಗೂ ತುರಿಸಿದರೆ ಲೋಳೆಸರ ನಿಮ್ಮ ಚರ್ಮಕ್ಕೆ ಒಗ್ಗುವುದಿಲ್ಲ ಎಂದೇ ತಿಳಿದು ಬಿಟ್ಟುಬಿಡಿ.

ಜೆಲ್‌ಗೆ ಎರಡು ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿ ಫ್ರಿಜ್‌ನಲ್ಲಿಟ್ಟಿದ್ದೆ. ತಿಂಗಳು ಕೆಡುವುದಿಲ್ಲ ಎಂದು ವಿಡಿಯೋದಲ್ಲಿ ಹೇಳಿದ್ದರು. ವಾರದೊಳಗೆ ಗುಲಾಬಿ ಬಣ್ಣಕ್ಕೆ ತಿರುಗಿ ನೀರು ನೀರಾಯಿತು. ಬಳಸಬಹುದೇ?
— ಓದುಗರೊಬ್ಬರು, ಬೆಂಗಳೂರು

ಬಳಸಬೇಡಿ, ಚೆಲ್ಲಿ. ವಿಟಮಿನ್ ಇ ಎಣ್ಣೆ ಕಮಟಾಗದಂತೆ ತಡೆಯುತ್ತದೆ. ಬ್ಯಾಕ್ಟೀರಿಯಾ, ಬೂಸ್ಟುಗಳನ್ನು ಅದು ತಡೆಯುವುದಿಲ್ಲ. ಲೋಳೆಸರದ ತಿರುಳಿನಲ್ಲಿ ಶೇ. 98ಕ್ಕಿಂತ ಹೆಚ್ಚು ನೀರೇ, ಉಳಿದದ್ದರಲ್ಲಿ ಬಹುಪಾಲು ಸಕ್ಕರೆಯ ಜಾತಿಯ ಪದಾರ್ಥ. ಸೂಕ್ಷ್ಮಜೀವಿಗಳಿಗೆ ಇನ್ನೇನು ಬೇಕು? ಒಂದು ಚಮಚ ಜೇನು, ಒಂದು ಚಿಟಿಕೆ ಅರಿಶಿನ, ನಾಲ್ಕು ಹನಿ ನಿಂಬೆರಸ, ಬೇವಿನ ಪುಡಿ ಹಾಕಿದರೂ ಕೆಡುವುದು ನಿಲ್ಲುವುದಿಲ್ಲ. ಗುಲಾಬಿ ಬಣ್ಣ ಬಂದದ್ದು ಉಳಿದಿದ್ದ ಹಳದಿ ರಸ ಗಾಳಿ, ಬೆಳಕಿಗೆ ಸಿಕ್ಕಿ. ನೀರಾದದ್ದು ಲೋಳೆಗೆ ಮಂದತನ ಕೊಡುವ ಉದ್ದನೆಯ ಸಕ್ಕರೆ ಸರಪಳಿಗಳನ್ನು ಕಿಣ್ವಗಳೂ ಸೂಕ್ಷ್ಮಜೀವಿಗಳೂ ತುಂಡರಿಸಿದ್ದರಿಂದ. ವಾಸನೆ ಬಾರದಿದ್ದರೂ ಇಂಥ ಜೆಲ್ ಮೊಡವೆಯ ಗಾಯಕ್ಕೆ, ಕಣ್ಣಿನ ಸುತ್ತ ತಾಗಿದರೆ ಸೋಂಕಿಗೆ ದಾರಿ.

ಏನೂ ಬೆರೆಸದ ಜೆಲ್‌ಗೆ ಫ್ರಿಜ್‌ನಲ್ಲಿ ಮೂರು–ನಾಲ್ಕು ದಿನದ ಆಯುಸ್ಸು. ಕುದಿಸಿ ಒಣಗಿಸಿದ ಗಾಜಿನ ಬಾಟಲಿ ಬಳಸಿ, ಬೆರಳು ಅದ್ದದೆ ಚಮಚದಲ್ಲಿ ತೆಗೆಯಿರಿ. ಹೆಚ್ಚು ದಿನ ಬೇಕೆಂದರೆ ಐಸ್ ಟ್ರೇಯೇ ಎಲ್ಲಕ್ಕಿಂತ ಸುಲಭ: ಸೋಸಿದ ಕೂಡಲೇ ತುಂಬಿ ಗಡ್ಡೆ ಕಟ್ಟಿಸಿ, ಗಟ್ಟಿಯಾದ ಮೇಲೆ ಮುಚ್ಚಳದ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲೇ ಇಡಿ. ಎರಡು ತಿಂಗಳೊಳಗೆ ಮುಗಿಸಿ. ಕರಗಿಸಿದಾಗ ಜೆಲ್ ಸ್ವಲ್ಪ ತೆಳುವಾಗುವುದು ಸಹಜ. ಗಡ್ಡೆಯನ್ನೇ ಮುಖಕ್ಕೆ ಉಜ್ಜಬೇಡಿ, ಬಟ್ಟಲಲ್ಲಿ ಕರಗಿಸಿ ಹಚ್ಚಿ.

ಕೆಡದಂತೆ ಕಾಯುವ ಪ್ರಿಸರ್ವೇಟಿವ್ ಹಾಕಿ ಮಾಡುವವರಿಗೆ ಅಳತೆ ಇದು. ಸೋಸಿದ 100 ಗ್ರಾಂ ತಿರುಳನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಇಟ್ಟು ಬೇಗ ಆರಿಸಿ. ಅದಕ್ಕೆ 0.4 ಗ್ರಾಂ ಸೋಡಿಯಂ ಬೆಂಜೊಯೇಟ್, 0.2 ಗ್ರಾಂ ಪೊಟ್ಯಾಸಿಯಂ ಸೋರ್ಬೇಟ್ ಕರಗಿಸಿ. ಆಮೇಲೆ ನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಮ್ಲವನ್ನು ಹನಿಹನಿಯಾಗಿ ಬೆರೆಸುತ್ತಾ, ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಪಟ್ಟಿಯಲ್ಲಿ 4.5ರ ಆಸುಪಾಸಿಗೆ ತನ್ನಿ. ಈ ಎರಡೂ ಪ್ರಿಸರ್ವೇಟಿವ್‌ಗಳು ಹುಳಿಯಲ್ಲಷ್ಟೇ ಕೆಲಸ ಮಾಡುತ್ತವೆ. ಪಿಎಚ್ 5 ದಾಟಿದರೆ ಹಾಕಿದ್ದೂ ಹಾಕದಂತೆಯೇ. ಮಂದವಾಗಲು ಅರ್ಧ ಗ್ರಾಂ ಕ್ಸಾಂಥನ್ ಗಮ್ ಅನ್ನು 3 ಗ್ರಾಂ ಗ್ಲಿಸರಿನ್‌ನಲ್ಲಿ ಕಲಸಿಕೊಂಡು ಸೇರಿಸಿ. ಪುಡಿಯನ್ನು ಒಣದಾಗಿ ಉದುರಿಸಿದರೆ ಗಂಟು ಕಟ್ಟುತ್ತದೆ. ಫ್ರಿಜ್‌ನಲ್ಲಿಟ್ಟು ತಿಂಗಳೊಳಗೆ ಬಳಸಿ. 0.01 ಗ್ರಾಂ ತೋರಿಸುವ ತಕ್ಕಡಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ, ಚಿಟಿಕೆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೆಂಜೊಯೇಟ್ ಇರುವ ಜೆಲ್‌ಗೆ ವಿಟಮಿನ್ ಸಿ ಪುಡಿಯನ್ನೂ ಸೇರಿಸಬೇಡಿ. ಅವೆರಡೂ ಸೇರಿ ಬೆಂಜೀನ್ ಎಂಬ ವಿಷಕಾರಿ ಪದಾರ್ಥ ಉಂಟಾಗಬಲ್ಲದು.

ಕೊಬ್ಬರಿ ಎಣ್ಣೆ ಮತ್ತು ಜೆಲ್ ಸಮಸಮ ಹಾಕಿ ಮಿಕ್ಸಿಯಲ್ಲಿ ತಿರುಗಿಸಿದರೆ ಬಿಳಿ ಕ್ರೀಮ್ ಬರುತ್ತದೆ. ಮಾರನೆಯ ದಿನ ಎಣ್ಣೆ ಬೇರೆ, ನೀರು ಬೇರೆ. ಏನು ತಪ್ಪು?
— ಓದುಗರೊಬ್ಬರು, ಉಡುಪಿ

ನಿಮ್ಮ ಕೈಯಲ್ಲಿ ತಪ್ಪಿಲ್ಲ. ಎಣ್ಣೆ–ನೀರನ್ನು ಹಿಡಿದಿಡುವ ಎಮಲ್ಸಿಫೈಯರ್ ಅದರಲ್ಲಿಲ್ಲ, ಅಷ್ಟೆ. ಮಿಕ್ಸಿ ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ, ಹೊತ್ತು ಕಳೆದಂತೆ ಹನಿಗಳು ಮತ್ತೆ ಒಂದಾಗುತ್ತವೆ. ಜೇನುಮೇಣ ಹಾಕಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಮೇಣ ಎಣ್ಣೆಯನ್ನು ಗಟ್ಟಿ ಮಾಡುತ್ತದೆ, ನೀರನ್ನು ಬೆಸೆಯುವುದಿಲ್ಲ.

ನಿಜವಾದ ಲೋಷನ್ ಬೇಕೆಂದರೆ ಹಸಿ ತಿರುಳಿನ ಬದಲು 200 ಪಟ್ಟು ಸಾಂದ್ರಗೊಳಿಸಿದ ಅಲೋವೆರಾ ಪುಡಿ ಬಳಸಿ, ಅದರಲ್ಲಿ ಸೂಕ್ಷ್ಮಜೀವಿಗಳ ಹೊರೆ ಕಡಿಮೆ. 100 ಗ್ರಾಂಗೆ: ಡಿಸ್ಟಿಲ್ಡ್ ವಾಟರ್ 76.5, ಅಲೋವೆರಾ ಪುಡಿ 0.5, ಗ್ಲಿಸರಿನ್ 3, ಎಣ್ಣೆ 14, ಎಮಲ್ಸಿಫೈಯಿಂಗ್ ವ್ಯಾಕ್ಸ್ (ಎಮಲ್ಸಿಫೈಯರ್ ಇರುವ ಮೇಣ, ಜೇನುಮೇಣವಲ್ಲ) 5, ಫಿನಾಕ್ಸಿಎಥನಾಲ್ ಆಧಾರಿತ ಪ್ರಿಸರ್ವೇಟಿವ್ 1. ಒಂದು ಚಮಚ ನೀರು ತೆಗೆದಿಟ್ಟು, ಉಳಿದ ನೀರು–ಗ್ಲಿಸರಿನ್ ಒಂದು ಪಾತ್ರೆ, ಎಣ್ಣೆ–ವ್ಯಾಕ್ಸ್ ಇನ್ನೊಂದು. ಎರಡನ್ನೂ 70–75 ಡಿಗ್ರಿಗೆ ಕಾಯಿಸಿ, ಎಣ್ಣೆಯನ್ನು ನೀರಿಗೆ ಸುರಿದು ಹ್ಯಾಂಡ್ ಬ್ಲೆಂಡರ್‌ನಲ್ಲಿ ಎರಡು ನಿಮಿಷ ಕಡೆಯಿರಿ. ಒಂದು ಬಿಸಿ, ಒಂದು ತಣ್ಣಗಿದ್ದರೆ ವ್ಯಾಕ್ಸ್ ಅರ್ಧಕ್ಕೇ ಹೆಪ್ಪುಗಟ್ಟಿ ಕಾಳುಕಾಳಾಗುತ್ತದೆ. 40 ಡಿಗ್ರಿಗೆ ಇಳಿದ ಮೇಲೆ ಅಲೋವೆರಾ ಪುಡಿಯನ್ನು ಆ ತೆಗೆದಿಟ್ಟ ನೀರಿನಲ್ಲಿ ಕರಗಿಸಿ, ಪ್ರಿಸರ್ವೇಟಿವ್ ಜೊತೆ ಸೇರಿಸಿ.

ಇಷ್ಟೆಲ್ಲ ರಗಳೆ ಬೇಡವೆಂದರೆ ಒದ್ದೆ ಮುಖಕ್ಕೆ ಅರ್ಧ ಚಮಚ ಜೆಲ್ ಹಚ್ಚಿ, ಪೂರ್ತಿ ಒಣಗುವ ಮೊದಲೇ ಮೂರು–ನಾಲ್ಕು ಹನಿ ಎಣ್ಣೆ ಸವರಿ. ದಿನಬಳಕೆಗೆ ನಾವು ಮೊದಲು ಹೇಳುವುದು ಇದನ್ನೇ. ಮೊಡವೆ ಬರುವ ಚರ್ಮದವರು ಮಾತ್ರ ಕೊಬ್ಬರಿ ಎಣ್ಣೆ ಬಿಟ್ಟು ಸೂರ್ಯಕಾಂತಿ ಎಣ್ಣೆ ಆರಿಸಿಕೊಳ್ಳಿ.

ಚಳಿಗಾಲದಲ್ಲಿ ಜೆಲ್ ಹಚ್ಚಿದರೆ ಮುಖ ಎಳೆದಂತಾಗಿ ಇನ್ನಷ್ಟು ಒಣಗುತ್ತದೆ.
— ಓದುಗರೊಬ್ಬರು, ವಿಜಯಪುರ

ನಿಮ್ಮ ಕಡೆಯ ಒಣಹವೆಗೆ ಜೆಲ್ ಒಂದೇ ಸಾಲದು. ನೀರು ಆರಿದ ಮೇಲೆ ಉಳಿಯುವ ತೆಳು ಪದರವೇ ಚರ್ಮವನ್ನು ಎಳೆಯುವುದು. ಉಡುಪಿಯವರಿಗೆ ಹೇಳಿದಂತೆ ಮೇಲೊಂದು ಎಣ್ಣೆಯ ಪದರ ಬೇಕೇ ಬೇಕು. ಇಲ್ಲವೇ ಮಾರ್ಚ್ ತನಕ ಜೆಲ್ ಬಿಟ್ಟು ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಬಿಸಿಲಿಗೆ ಕಪ್ಪಾದ ಮುಖಕ್ಕೆ ಲೋಳೆಸರ, ನಿಂಬೆರಸ, ಅಡುಗೆ ಸೋಡಾ ಸೇರಿಸಿ ಹಚ್ಚಬಹುದೇ? ಬೆಳ್ಳಗಾಗುತ್ತದೆ ಎನ್ನುತ್ತಾರೆ.
— ಓದುಗರೊಬ್ಬರು, ಕಲಬುರಗಿ

ಖಂಡಿತ ಬೇಡ. ನಿಂಬೆರಸದ ಪಿಎಚ್ 2ರ ಹತ್ತಿರ, ಸೋಡಾದ್ದು 8ರ ಮೇಲೆ, ಆರೋಗ್ಯವಂತ ಚರ್ಮದ್ದು 5ರ ಆಸುಪಾಸು. ಎರಡೂ ಚರ್ಮದ ಮೇಲ್ಪದರಕ್ಕೆ ಕೆಟ್ಟವು. ನಿಂಬೆಯಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಅದರ ಸಿಪ್ಪೆ–ರಸದಲ್ಲಿರುವ ಫ್ಯೂರೊಕೂಮರಿನ್ ಎಂಬ ಪದಾರ್ಥಗಳು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಬೊಬ್ಬೆ ಏಳಬಹುದು, ಆಮೇಲೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬೀಳಬಹುದು. ಕಲಬುರಗಿಯ ಬಿಸಿಲಿನಲ್ಲಿ, ಇರುವ ಕಪ್ಪು ಹೋಗಲೆಂದು ಹಚ್ಚಿ ಹೊಸ ಕಪ್ಪು ತಂದುಕೊಂಡಂತೆ. ಲೋಳೆಸರ ಯಾರ ಮೈಬಣ್ಣವನ್ನೂ ಬದಲಿಸುವುದಿಲ್ಲ, ಬದಲಿಸಬೇಕಾದ ಅಗತ್ಯವೂ ಇಲ್ಲ. ಬಿಸಿಲಿನಿಂದ ಬಂದ ಕಪ್ಪು ತಾನಾಗಿ ಇಳಿಯಲು ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ಮತ್ತೆ ಬಿಸಿಲು ತಾಗದಂತೆ ಕೊಡೆ, ಸೆರಗು, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಬಳಸಿ. ಜೆಲ್ ಸನ್‌ಸ್ಕ್ರೀನ್ ಅಲ್ಲ. ಸಂಜೆ ಮನೆಗೆ ಬಂದ ಮೇಲೆ ಉರಿ ಕಡಿಮೆ ಮಾಡಲು ತಣ್ಣಗಿನ ಜೆಲ್ ಒಳ್ಳೆಯದು, ಕಾಲು ಗಂಟೆ ಬಿಟ್ಟು ತೊಳೆಯಿರಿ.

ಒಗ್ಗರಣೆಯ ಎಣ್ಣೆ ಸಿಡಿದರೆ ತಕ್ಷಣ ಲೋಳೆಸರ ಹಚ್ಚುತ್ತೇವೆ. ಸರಿಯೇ?
— ಓದುಗರೊಬ್ಬರು, ಮೈಸೂರು

ತಕ್ಷಣ ಬೇಕಾದದ್ದು ನಲ್ಲಿ ನೀರು, ಪೂರಾ 20 ನಿಮಿಷ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ. ಬಾವು ಬರುವ ಮೊದಲೇ ಬಳೆ, ಉಂಗುರ ತೆಗೆದುಬಿಡಿ. ಚರ್ಮ ಬರಿದೇ ಕೆಂಪಾಗಿ, ಒಡೆಯದೆ ಇದ್ದರೆ, ಚೆನ್ನಾಗಿ ತಣಿದ ಮೇಲೆ ಶುದ್ಧ ಜೆಲ್ ಹಚ್ಚಬಹುದು. ಬೊಬ್ಬೆ ಒಡೆದಿದ್ದರೆ ಹಸಿ ತಿರುಳು ಬೇಡವೇ ಬೇಡ, ಅದು ಕ್ರಿಮಿರಹಿತವಲ್ಲ. ಅಂಗೈಗಿಂತ ದೊಡ್ಡ ಸುಟ್ಟಗಾಯ, ಮುಖದ ಮೇಲಿನದು, ಮಕ್ಕಳಿಗೆ ಆದದ್ದು — ಇವುಗಳಿಗೆ ನೇರ ವೈದ್ಯರು. ಹೊಲಿಗೆಯ ಗಾಯಕ್ಕೂ ತಾವಾಗಿ ಹಚ್ಚಬೇಡಿ: 1991ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಬಿಟ್ಟುಕೊಂಡ ಗಾಯಗಳು ಮಾಮೂಲಿ ಆರೈಕೆಯಲ್ಲಿ ಸರಾಸರಿ 53 ದಿನಕ್ಕೆ ಮಾಗಿದರೆ, ಅಲೋವೆರಾ ಜೆಲ್ ಸೇರಿಸಿದಾಗ 83 ದಿನ ತೆಗೆದುಕೊಂಡವು.

ಹೊಲದ ಬೇಲಿಯಲ್ಲಿ ಇದೇ ತರದ ದೊಡ್ಡ ಗಿಡಗಳಿವೆ. ಅವುಗಳ ತಿರುಳು ಬಳಸಬಹುದೇ?
— ಓದುಗರೊಬ್ಬರು, ಚಿತ್ರದುರ್ಗ

ಅದು ಹೆಚ್ಚಾಗಿ ಹಗ್ಗಕ್ಕೆ ನಾರು ತೆಗೆಯುವ ಕತ್ತಾಳೆ. ಮುಖದ ಹತ್ತಿರಕ್ಕೂ ತರಬೇಡಿ. ಅದರ ರಸದಲ್ಲಿ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿದ್ದು, ಚರ್ಮಕ್ಕೆ ಚುಚ್ಚಿ ಉರಿ, ಗುಳ್ಳೆ ಎಬ್ಬಿಸುತ್ತವೆ. ಗುರುತು ಸುಲಭ: ಎಲೆಯ ತುದಿಯಲ್ಲಿ ಗಟ್ಟಿ ಕಪ್ಪು ಮುಳ್ಳು, ಮುರಿದರೆ ನಾರೇ ನಾರು. ಹೂಕಾಂಡ ಕಂಬದೆತ್ತರ ಬೆಳೆದು, ಹೂ ಬಿಟ್ಟ ಮೇಲೆ ಆ ಬುಡ ಸಾಯುತ್ತದೆ. ಲೋಳೆಸರದ ಅಂಚಿನ ಮುಳ್ಳು ಮೆತ್ತಗೆ, ಎಲೆ ನಾರಿಲ್ಲದೆ ಮುರಿಯುತ್ತದೆ, ಗಿಡ ಹೂ ಬಿಟ್ಟ ಮೇಲೂ ಬದುಕುತ್ತದೆ.

ಅಂಗಡಿಯ ಡಬ್ಬಿಯ ಮೇಲೆ ಶೇ. 99 ಶುದ್ಧ ಎಂದಿದೆ, ಬಣ್ಣ ಮಾತ್ರ ಹಸಿರು. ನಂಬಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಶುದ್ಧ ತಿರುಳಿಗೆ ಬಣ್ಣವಿಲ್ಲ, ಹಸಿರು ಬಣ್ಣ ಬೆರೆಸಿದ್ದು. ಮುಂದಿನ ಚೀಟಿ ಬಿಟ್ಟು ಹಿಂದಿನ ಪದಾರ್ಥಗಳ ಪಟ್ಟಿ ಓದಿ. ಮೊದಲ ಹೆಸರೇ ಅಲೋ ಬಾರ್ಬಡೆನ್ಸಿಸ್ (ಲೋಳೆಸರದ ವೈಜ್ಞಾನಿಕ ಹೆಸರು) ಎಲೆಯ ರಸ ಆಗಿದ್ದರೆ ಒಳ್ಳೆಯದು. ನೀರು ಮೊದಲಿದ್ದು ಅಲೋ ಕೊನೆಗಿದ್ದರೆ ದುಡ್ಡು ದಂಡ. ಜೆಲ್ ಮಂದವಾಗಲು ಹಾಕುವ ಕಾರ್ಬೋಮರ್, ಪ್ರಿಸರ್ವೇಟಿವ್ ಕಂಡರೆ ಹೆದರಬೇಡಿ, ಪ್ರಿಸರ್ವೇಟಿವ್ ಅಂತೂ ಇರಲೇಬೇಕು. ಸೂಕ್ಷ್ಮ ಚರ್ಮದವರು ಸುಗಂಧ, ಬಣ್ಣ, ಆಲ್ಕೋಹಾಲ್ ಇರುವುದನ್ನು ಬಿಡಿ.

ಮಳೆಗಾಲದಲ್ಲಿ ಕುಂಡದ ಲೋಳೆಸರ ಬುಡದಲ್ಲೇ ಕೊಳೆಯುತ್ತದೆ. ಉಳಿದ ಎಲೆಯಲ್ಲೂ ಲೋಳೆ ನೀರಾಗಿರುತ್ತದೆ.
— ಓದುಗರೊಬ್ಬರು, ಸಾಗರ

ಜೂನ್ ಬರುವ ಮೊದಲೇ ಕುಂಡವನ್ನು ಬೆಳಕಿರುವ ಸೂರಿನಡಿಗೆ ಸರಿಸಿ, ಮಳೆ ನಿಲ್ಲುವ ತನಕ ನೀರು ಹಾಕುವುದನ್ನು ಬಹುತೇಕ ನಿಲ್ಲಿಸಿ. ನಿಮ್ಮ ಕಡೆಗೆ ಮಣ್ಣು ಒಂದು ಪಾಲು, ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಎರಡು ಪಾಲು, ಹಳೆಯ ಗೊಬ್ಬರ ಅರ್ಧ ಪಾಲು. ಕುಂಡದ ತಳದ ತೂತು ಮುಚ್ಚಿಲ್ಲವೆಂದು ನೋಡಿಕೊಳ್ಳಿ. ಬುಡ ಕಂದಾಗಿ ಮೆತ್ತಗಾಗಿದ್ದರೆ ಬೇರು ಕೊಳೆತಿದೆ: ಕಿತ್ತು, ಕೊಳೆತದ್ದನ್ನೆಲ್ಲ ಕತ್ತರಿಸಿ, ಗಾಯ ಒಣಗಲು ಮೂರು ದಿನ ನೆರಳಿನಲ್ಲಿಟ್ಟು ಹೊಸ ಮಣ್ಣಿಗೆ ನೆಡಿ. ಮಗ್ಗುಲಲ್ಲಿ ಎದ್ದ ಮರಿಗಳು ಗೇಣುದ್ದವಾಗಿದ್ದರೆ ಬೇರಿನೊಂದಿಗೆ ಬಿಡಿಸಿ ನೆಟ್ಟುಕೊಳ್ಳಿ. ಮಳೆಗಾಲ ಮುಗಿದ ಮೇಲೆ ಮಣ್ಣು ಒಣಗಿದ್ದು ನೋಡಿ ಎಂಟು–ಹತ್ತು ದಿನಕ್ಕೊಮ್ಮೆ ನೀರು ಸಾಕು. ಎಲೆ ತೆಳ್ಳಗಾಗಿ ಒಳಕ್ಕೆ ಮಡಚಿದರೆ ಬಾಯಾರಿದೆ ಎಂದರ್ಥ.

ಲೋಳೆ ನೀರಾಗುವುದು ಗಿಡ ಹೆಚ್ಚು ನೀರು ಕುಡಿದಿರುವುದರಿಂದ. ಎಲೆ ಕೊಯ್ಯುವ ಐದಾರು ದಿನ ಮೊದಲು ನೀರು ನಿಲ್ಲಿಸಿದರೆ ಮಂದ ತಿರುಳು ಸಿಗುತ್ತದೆ. ಒಂದು ಸಲಕ್ಕೆ ಹೊರಸುತ್ತಿನ ಮೂರು ಎಲೆಗಿಂತ ಹೆಚ್ಚು ತೆಗೆಯಬೇಡಿ. ಮುಂದಿನ ಕೊಯ್ಲಿಗೆ ಎರಡು ತಿಂಗಳಾದರೂ ಬಿಡಿ.